ಎಲಚಿಗುಡ್ಡದ ಒಂಟಿ ದೀವಟಿಗೆ

ಜೊಂಡಿನ ಕಟ್ಟು ಕರಕರ ಎಂದಿತು. ಬೇರೆ ಯಾರಾದರೂ ಆಗಿದ್ದರೆ ಇಲಿ ಎಂದುಕೊಂಡು ಸುಮ್ಮನಾಗುತ್ತಿದ್ದರು. ಬುರುಜಿನ ಅಂಚಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದ ಸುನ್ಯಾಂಗ್‌ಗೆ ಮಾತ್ರ ಗೊತ್ತಾಯಿತು: ಮಾವ ಕತ್ತಲಲ್ಲಿ ದೀವಟಿಗೆಯ ಕಟ್ಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾರೆ.

"ಬಂತೇನಮ್ಮಾ?"

"ಇಲ್ಲ ಮಾವ."

"ಎರಡನೇ ಜಾವದ ನಗಾರಿ ಆಯ್ತಲ್ಲ."

"ಆಯ್ತು. ಇನ್ನೂ ಬಂದಿಲ್ಲ."

ಪ್ರತಿದಿನ ಕತ್ತಲಾದ ಮೇಲೆ ಒಂದು ದೀವಟಿಗೆ. ಗಡಿಯಿಂದ ಹೊರಟ ಆ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ದಾಟಿ ರಾಜಧಾನಿ ಚಾಂಗಾನ್ ನಗರದ ಬುರುಜನ್ನು ಮುಟ್ಟಬೇಕು. ಒಂದು ಉರಿದರೆ ಎಲ್ಲವೂ ಕ್ಷೇಮ, ದೊರೆ ಮಲಗಬಹುದು. ಎರಡು, ಮೂರು, ನಾಲ್ಕು ಉರಿದರೆ ಶತ್ರು ಬಂದಿದ್ದಾನೆ, ಇಷ್ಟಿಷ್ಟು ಜನರೊಂದಿಗೆ. ಒಂದೂ ಬಾರದಿದ್ದರೆ ಹೇಳುವುದಕ್ಕೇ ಅಲ್ಲಿ ಯಾರೂ ಉಳಿದಿಲ್ಲ ಎಂದು ತಿಳಿಯಬೇಕು. ಪಶ್ಚಿಮದ ಗುಡ್ಡದ ಬೆಂಕಿಯನ್ನು ಕಣ್ಣಾರೆ ಕಾಣದೆ ತಮ್ಮದನ್ನು ಹೊತ್ತಿಸಿದವರಿಗೆ ತಲೆದಂಡ.

ಎಲಚಿಗುಡ್ಡದಲ್ಲಿ ಹಾಗೆ ಕಣ್ಣಾರೆ ನೋಡುತ್ತಿದ್ದವಳು ಸುನ್ಯಾಂಗ್. ಲೆಕ್ಕಕ್ಕೆ ಅಲ್ಲಿ ಆರು ಗಂಡಸರಿರಬೇಕಿತ್ತು. ಪೂರ್ವದ ದಂಗೆಯನ್ನು ಅಡಗಿಸಲು ಐವರನ್ನು ಕರೆದೊಯ್ದರು. ಅವರಲ್ಲಿ ಅವಳ ಗಂಡನೂ ಒಬ್ಬ. ಅವನು ತಿರುಗಿ ಬರಲಿಲ್ಲ. ಉಳಿದವರು ಮುಖ್ಯಸ್ಥ ತಾನ್ ಬಿಂಗ್, ಅವಳ ಮಾವ. ನಾಲ್ಕು ವರ್ಷದ ಹಿಂದೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ತನಿಖೆಯ ಅಧಿಕಾರಿ ಬಂದಾಗಲೆಲ್ಲ ಮುದುಕರು ನೆಟ್ಟಗೆ ನಿಂತು, ಸೊಸೆ ಹೇಳಿಕೊಟ್ಟಂತೆ, "ಅಗೋ, ಆ ಮುರಿದ ಪೈನ್ ಮರದ ಬಲಕ್ಕೆ ಕತ್ತೆಬೆನ್ನು ಗುಡ್ಡ" ಎಂದು ಕೈ ತೋರಿಸುತ್ತಿದ್ದರು. ಅಧಿಕಾರಿ ತಲೆಯಾಡಿಸಿ, ಒಣ ಎಲಚಿ ಹಣ್ಣು ಕಟ್ಟಿಸಿಕೊಂಡು ಇಳಿದುಹೋಗುತ್ತಿದ್ದ.

ಕತ್ತೆಬೆನ್ನಿನ ಕಾವಲಿನಲ್ಲಿದ್ದವನು ಸುನ್ಯಾಂಗ್‌ಳ ತಮ್ಮ ಕ್ವೇ.

ಆ ವರ್ಷವನ್ನು ಎಲ್ಲರೂ ಒಳ್ಳೆಯ ವರ್ಷ ಎನ್ನುತ್ತಿದ್ದರು. ಮೊದಲ ತಿಂಗಳಲ್ಲೇ ದಂಗೆಕೋರರ ನಾಯಕನ ತಲೆ ಪೆಟ್ಟಿಗೆಯಲ್ಲಿ ನಗರಕ್ಕೆ ಬಂತು. ಏಳು ವರ್ಷದ ಯುದ್ಧ ಮುಗಿಯಿತು. ಮೂರನೇ ತಿಂಗಳಲ್ಲಿ ಹಳೆಯ ದೊರೆಗಳಿಬ್ಬರಿಗೂ, ತಂದೆಗೂ ಮಗನಿಗೂ, ಸಮಾಧಿ ಆಯಿತು. ಏಳನೆಯದರಲ್ಲಿ ಹೊಸ ದೊರೆಯ ಆಳ್ವಿಕೆಗೆಂದು ವರ್ಷದ ಹೆಸರನ್ನೇ ಬದಲಿಸಿದರು, ಸೆರೆಯಾಳುಗಳನ್ನು ಬಿಟ್ಟರು. ಪಶ್ಚಿಮದ ಕೋಟೆಗಳು ಒಂದೊಂದಾಗಿ ಟಿಬೆಟ್ಟಿನ ತುಬೋ ಸವಾರರ ಕೈಸೇರುತ್ತಿವೆ ಎಂಬ ಸುದ್ದಿ ಬಂದದ್ದೂ ಅದೇ ತಿಂಗಳಲ್ಲಿ. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಉಪ್ಪು ಮಾರುವವರು ಆ ಕಡೆಯಿಂದ ಬರುವುದು ನಿಂತಿದೆ ಎಂಬುದನ್ನು ಸುನ್ಯಾಂಗ್ ಗಮನಿಸಿದ್ದಳು. ಗಮನಿಸಿ, ಯಾರ ಹತ್ತಿರ ಹೇಳುವುದೆಂದು ತಿಳಿಯದೆ ಸುಮ್ಮನಿದ್ದಳು.

ಹೊಸ ಹೆಸರಿನ ಸಂಭ್ರಮದಲ್ಲಿ ಕ್ವೇ ಕುಡಿದು ಮಲಗಿಬಿಟ್ಟ. ಕತ್ತೆಬೆನ್ನಿನ ಬೆಂಕಿ ತಪ್ಪಿತು. ಬೆನ್ನಿಗೆ ಮೂವತ್ತು ಏಟು ಬಿತ್ತು. "ಇನ್ನೊಂದು ಸಲ ತಪ್ಪಿದರೆ ಬೆನ್ನಲ್ಲ, ಕತ್ತು" ಎಂದು ಹೇಳಿ ಅಧಿಕಾರಿ ಹೋಗಿದ್ದ.

ಈಗ ಹತ್ತನೇ ತಿಂಗಳು. ಪೈನ್ ಮರದ ಬಲಕ್ಕೆ ಕತ್ತಲು.

ಕೆಳಗೆ ಕತ್ತೆಯ ಗೊರಸಿನ ಸದ್ದಾಯಿತು. ಪೂರ್ವದ ಮೂರುಬಾವಿ ಕಾವಲಿನ ಕುಂಟ ಫಾನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಹಿಂದಿನ ಗುಡ್ಡದಿಂದ ಬೆಂಕಿ ಬಾರದಿದ್ದರೆ ಆಳು ಕಳಿಸಿ ವಿಚಾರಿಸಬೇಕು, ಅದೇ ನಿಯಮ.

"ಏನಜ್ಜಾ, ನಿಮ್ಮ ಮನೇಲಿ ಒಲೆಗೂ ಸೌದೆ ಇಲ್ವಾ? ನಮ್ಮೋರೆಲ್ಲ ಕತ್ತು ಉದ್ದ ಮಾಡಿಕೊಂಡು ಕೊಕ್ಕರೆ ಥರ ನಿಂತಿದ್ದಾರೆ."

"ಪಶ್ಚಿಮದಿಂದ ಇನ್ನೂ..." ಎಂದು ಸುನ್ಯಾಂಗ್ ಬಾಯಿ ತೆರೆದಳು.

"ನೀನ್ಯಾಕಮ್ಮ ಮೇಲಿದ್ದೀಯ ಈ ಹೊತ್ತಲ್ಲಿ?"

"ಮಾವನಿಗೆ ಗಂಜಿ ತಂದೆ."

"ತಂದೆ ಅಂದ್ಮೇಲೆ ನನಗೂ ಒಂದು ಬಟ್ಟಲು ಕೊಡು." ಫಾನ್ ಪಶ್ಚಿಮದ ಕಡೆ ಕಣ್ಣು ಕಿರಿದು ಮಾಡಿ ನೋಡಿ ನಕ್ಕ. "ಓಹೋ. ತಮ್ಮರಾಯ ಮತ್ತೆ ಗೊರಕೆ ಹೊಡೀತಿದ್ದಾನೆ ಅನ್ನು. ಪಾಪ, ಬೆನ್ನಿನ ಗಾಯ ಒಣಗೋ ಮೊದಲೇ ಕತ್ತಿಗೆ ತುರಿಕೆ ಶುರುವಾಗಿದೆ ಅವನಿಗೆ."

"ಬಾಯಿ ಬಿಗಿಹಿಡಿ ಫಾನಣ್ಣ."

"ಹಿಡೀತೀನಿ. ಆದರೆ ವಾಪಸ್ ಹೋಗಿ ನಮ್ಮ ಮುಖ್ಯಸ್ಥರಿಗೆ ಒಂದು ಮಾತು ಹೇಳ್ಬೇಕಲ್ಲ. ಕತ್ತೆಬೆನ್ನಿನ ಬೆಂಕಿ ಕಂಡಿತೋ, ಇಲ್ವೋ? ಇಲ್ಲ ಅಂದ್ರೆ ಬೆಳಗಾಗೋದರೊಳಗೆ ತನಿಖೆಗೆ ನಗರದ ಕುದುರೆ ಸವಾರರು ಬರ್ತಾರೆ. ಆಮೇಲೆ ನಿನ್ನ ತಮ್ಮನ ಕಥೆ ನನ್ನ ಕೈಲಿಲ್ಲ."

ಅವಳು ಮತ್ತೊಮ್ಮೆ ಪಶ್ಚಿಮಕ್ಕೆ ನೋಡಿದಳು. ಉಪ್ಪು ಮಾರುವವರು ನೆನಪಾದರು. ಏಟು ತಿಂದ ದಿನ ಬೋರಲು ಮಲಗಿದ್ದ ಕ್ವೇ, "ಅಕ್ಕಾ, ಇನ್ನು ಮುಂದೆ ನೀರು ಬಿಟ್ಟು ಏನೂ ಕುಡಿಯಲ್ಲ" ಎಂದು ಅತ್ತಿದ್ದೂ ನೆನಪಾಯಿತು. ಕುಡಿಯುವುದಿಲ್ಲ ಎಂದು ಅವನು ಹೇಳಿದ್ದು ಅದೇ ಮೊದಲಲ್ಲ.

"ಕಂಡಿತು," ಎಂದರು ಮಾವ.

ಸುನ್ಯಾಂಗ್ ತಿರುಗಿದಳು. ಮುದುಕರು ಪೊರೆಗಣ್ಣುಗಳನ್ನು ಸರಿಯಾಗಿ ಪಶ್ಚಿಮಕ್ಕೇ ನೆಟ್ಟು ನಿಂತಿದ್ದರು.

"ಆಗಲೇ ಕಂಡೆ ಕಣಪ್ಪ. ನಮ್ಮ ಜೊಂಡಿಗೆ ಮಂಜು ಹಿಡಿದು ಒದ್ದೆಯಾಗಿತ್ತು, ಹತ್ತಲಿಲ್ಲ. ಒಣಗಿದ ಕಟ್ಟು ಕೆಳಗಿಂದ ತರಿಸಿದೆ. ಅದಕ್ಕೇ ತಡ. ಹತ್ತಿಸಮ್ಮ."

ಇಲ್ಲ ಎನ್ನುವುದಕ್ಕೆ ಅಲ್ಲಿ ಅವಳೊಬ್ಬಳಿಗೇ ಹಕ್ಕಿತ್ತು. ಅವಳು ಚಕಮಕಿ ಕಲ್ಲು ತೆಗೆದುಕೊಂಡಳು. ಎರಡು ಸಲ ತಪ್ಪಿತು. ಮೂರನೆಯ ಸಲ ಕಿಡಿ ಹಿಡಿಯಿತು. ಜೊಂಡು ಬೂದಿಗಿಂತ ಒಣಗಿತ್ತು. ಉರಿ ಒಮ್ಮೆಲೇ ಆಳೆತ್ತರ ಎದ್ದಿತು. ಫಾನ್ ಗಂಜಿ ಕುಡಿದು, ಬಟ್ಟಲು ನೆಕ್ಕಿ, ಇಳಿದುಹೋದ. ಸ್ವಲ್ಪ ಹೊತ್ತಿಗೆ ಪೂರ್ವದಲ್ಲಿ ಮೂರುಬಾವಿಯ ಬೆಂಕಿ ಕಂಡಿತು. ಅದರಾಚೆ ಸೂಜಿಮೊನೆಯಷ್ಟು ಇನ್ನೊಂದು.

ಬೆಳಕು ಹರಿಯುವ ಮೊದಲೇ ಸುನ್ಯಾಂಗ್ ಎಲಚಿ ಮರದ ಕೋಲೊಂದನ್ನು ಹಿಡಿದು ಕತ್ತೆಬೆನ್ನಿಗೆ ಹೊರಟಳು. ಒಂದೂವರೆ ಹರಿದಾರಿ. ದಾರಿಯುದ್ದಕ್ಕೂ ತಮ್ಮನನ್ನು ಬಯ್ಯಲು ಮಾತು ಜೋಡಿಸಿಕೊಂಡಳು. ಬಯ್ದು, ಬೆನ್ನು ಬಿಟ್ಟು ಕಾಲಿಗೆ ಎರಡು ಹೊಡೆಯಬೇಕು ಎಂದುಕೊಂಡಳು.

ದಿಬ್ಬದ ಮೇಲೆ ಬಂದಾಗ ಕೆಳಗಿನ ಹೊಳೆದಂಡೆ ಕಂಡಿತು. ಮೊದಲು ಅವಳಿಗೆ ಅದು ಮಂಜು ಎನ್ನಿಸಿತು. ಮಂಜಿಗೆ ಕೆಮ್ಮು ಇರುವುದಿಲ್ಲ, ಕುದುರೆ ಸೀನುವುದಿಲ್ಲ. ದಂಡೆಯ ತುಂಬ, ಕಣ್ಣು ಹರಿದಷ್ಟೂ ದೂರ, ಕುದುರೆಗಳು. ಉಣ್ಣೆಯ ಗುಡಾರಗಳನ್ನು ಮಡಿಚುತ್ತಿದ್ದ ಜನ. ಅವರ ಮುಂಚೂಣಿಯಲ್ಲಿ ಹಾರುತ್ತಿದ್ದದ್ದು ತುಬೋಗಳ ಬಾವುಟವಲ್ಲ. ತಮ್ಮದೇ ಗಡಿಸೀಮೆಯ ಬಾವುಟ.

ಅವಳು ಹೊಟ್ಟೆಯ ಮೇಲೆ ಮಣ್ಣಿನ ಕೊರಕಲಿಗೆ ಜಾರಿದಳು. ಕೋಲು ಎಲ್ಲಿ ಬಿತ್ತೋ ನೋಡಲಿಲ್ಲ. ಕೊರಕಲಿನ ತಳದಲ್ಲಿ, ಒಣಹುಲ್ಲಿನ ಮೆದೆಯ ಮರೆಯಲ್ಲಿ ಕ್ವೇ ಬಿದ್ದಿದ್ದ. ಎಡಗೈ ಮೊಣಕೈಯ ಕೆಳಗೆ ಇರಲಿಲ್ಲ. ಸೊಂಟದ ಪಟ್ಟಿಯಿಂದ ತಾನೇ ಬಿಗಿದುಕೊಂಡಿದ್ದ. ಬಾಯಿಂದ ಹೆಂಡದ ವಾಸನೆ ಬರುತ್ತಿರಲಿಲ್ಲ.

"ಅಕ್ಕ," ಎಂದ. "ಸೂರ್ಯ ಮುಳುಗೋ ಹೊತ್ತಿಗೇ ಬಂದ್ರು. ನಮ್ಮ ಸೀಮೆಯ ದಳವಾಯಿಯೇ ಅವರಿಗೆ ದಾರಿ ತೋರಿಸ್ತಿದ್ದಾನೆ. ಅವನಿಗೆ ನಮ್ಮ ನಿಯಮ ಎಲ್ಲ ಗೊತ್ತಲ್ಲ. ದಿನಾ ಹತ್ತಿಸೋ ಹಾಗೆ ಒಂದು ದೀವಟಿಗೆ ಹತ್ತಿಸು, ಬಿಟ್ಬಿಡ್ತೀವಿ ಅಂದ."

"ಮಾತಾಡಬೇಡ."

"ನಾಲ್ಕು ಹತ್ತಿಸೋಕೆ ಅವರು ಬಿಡ್ತಿರಲಿಲ್ಲ. ಅದಕ್ಕೆ ಹೂಂ ಅಂದೆ. ಕಟ್ಟು ತರ್ತೀನಿ ಅಂತ ಒಳಗೆ ಹೋಗಿ, ನೀರಿನ ಹಂಡೆನೇ ಬಗ್ಗಿಸಿಬಿಟ್ಟೆ. ಅಷ್ಟೂ ಜೊಂಡು, ಕೊಬ್ಬು, ಹತ್ತಿ, ಎಲ್ಲ ನೆನೆದುಹೋಯ್ತು." ಅವನಿಗೆ ನಗು ಬಂತು, ನಗುವಷ್ಟು ಉಸಿರಿರಲಿಲ್ಲ. "ಕಾವಲಿಗೆ ನನ್ನ ಜೊತೆಗಿದ್ದ ಇಬ್ಬರನ್ನ ಅಲ್ಲೇ ಕಡಿದರು. ನನ್ನ ಕೈಗೂ ಬಿತ್ತು, ಇಲ್ಲಿಗೆ ಹಾರಿದೆ. ಹೆಂಡ ಬಿಟ್ಟು ನೀರು ಹಿಡಿದದ್ದು ಒಳ್ಳೇದೇ ಆಯ್ತು ಅಲ್ವ ಅಕ್ಕ?"

ಅವಳು ತಲೆವಸ್ತ್ರವನ್ನು ಹರಿದು ಅವನ ಕೈಗೆ ಸುತ್ತುತ್ತಿದ್ದಳು.

"ನಮ್ಮ ಬೆಂಕಿ ಇಲ್ಲ ಅಂತ ನೀನು ನೋಡಿದೆ ತಾನೇ?"

"ನೋಡಿದೆ."

"ಅಂದ್ರೆ ನಗರಕ್ಕೆ ರಾತ್ರಿನೇ ಗೊತ್ತಾಗಿರುತ್ತೆ. ಬೆಂಕಿ ಬರಲಿಲ್ಲ ಅಂತ. ಒಂದಿಡೀ ರಾತ್ರಿ ಸಿಕ್ಕಿತು ಅವರಿಗೆ."

"ಹೂಂ," ಎಂದಳು ಸುನ್ಯಾಂಗ್. "ಸಿಕ್ಕಿತು."

ನಗರಕ್ಕೆ ಏನು ಸಿಕ್ಕಿತೆಂಬುದು ಅವರಿಗೆ ತಿಂಗಳ ಕೊನೆಗೆ ತಿಳಿಯಿತು. ಶತ್ರು ನಗರದ ಹೊರಗಿನ ಸೇತುವೆಯ ಹತ್ತಿರ ಬಂದ ಮೇಲಷ್ಟೇ ದೊರೆ ನಗರ ಬಿಟ್ಟು ಹೊರಟದ್ದು. ಬೆಂಗಾವಲಿನವರು ಅರ್ಧ ದಾರಿಯಲ್ಲೇ ಚದುರಿದರು. ತುಬೋಗಳು ಚಾಂಗಾನ್ ಹೊಕ್ಕು, ತಮಗೆ ಬೇಕಾದವನನ್ನು ಗದ್ದುಗೆಗೇರಿಸಿ, ಲೂಟಿ ಮಾಡಿ, ಹದಿನೈದು ದಿನಕ್ಕೆ ಹೊರಟುಹೋದರು. ಪಶ್ಚಿಮದ ಸುದ್ದಿಗಳು ಎಷ್ಟೋ ದಿನದಿಂದ ಬರುತ್ತಲೇ ಇದ್ದವಂತೆ, ದೊಡ್ಡವರೇ ಮುಚ್ಚಿಟ್ಟಿದ್ದರಂತೆ ಎಂದು ನಗರದಿಂದ ಓಡಿಬಂದವರು ಹೇಳಿದರು. ಹಾಗಾದರೆ ಒಂದು ರಾತ್ರಿ ಹೆಚ್ಚು ಸಿಕ್ಕಿದ್ದರೆ ಏನಾದರೂ ಬೇರೆಯಾಗುತ್ತಿತ್ತೆ? ನವಣೆ ಕೇರುವಾಗಲೂ ಸುನ್ಯಾಂಗ್ ಅದನ್ನೇ ಯೋಚಿಸುತ್ತಿದ್ದಳು. ಮುಚ್ಚಿಡುವವರ ಕೈಯಿಂದಲೂ ಮುಚ್ಚಿಡಲಾಗದ ಒಂದೇ ಒಂದು ಸುದ್ದಿ ಎಂದರೆ ಕತ್ತಲಾದ ಗುಡ್ಡ. ಅದು ಬೀದಿಯ ಜನರಿಗೂ ಕಾಣುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಆ ರಾತ್ರಿಯೇ ದಕ್ಷಿಣಕ್ಕೆ ಹೊರಡಬಹುದಾಗಿದ್ದವರು ಎಷ್ಟು ಮಂದಿ?

ಕುಂಟ ಫಾನ್ ಮೂರುಬಾವಿಯ ಮೆಟ್ಟಿಲ ಮೇಲೆ ಈಟಿ ತಿಂದು ಸತ್ತಿದ್ದ. ಎಲಚಿಗುಡ್ಡದಲ್ಲಿ ಸವಾರರು ಕಣ್ಣಿಲ್ಲದ ಮುದುಕರೊಬ್ಬರನ್ನೇ ಕಂಡು, ಮುಟ್ಟದೆ ಮುಂದಕ್ಕೆ ಹೋಗಿದ್ದರು. ಮಾವ ಹನ್ನೆರಡನೇ ತಿಂಗಳ ಚಳಿಯಲ್ಲಿ ಹಾಸಿಗೆ ಹಿಡಿದರು. ಕ್ವೇ ಹೊರಗೆ ಹೋದ ಒಂದು ಹೊತ್ತಲ್ಲಿ ಅವಳ ಕೈ ಹುಡುಕಿ ಹಿಡಿದುಕೊಂಡರು.

"ಕಂಡೆ ಅಂತ ಹೇಳಿದ್ದು ನಾನು. ನೆನಪಿಟ್ಕೋ."

"ಕಣ್ಣಿದ್ದದ್ದು ನನಗೆ ಮಾವ."

"ಹಟಮಾರಿ ನೀನು," ಎಂದರು. ಎರಡು ದಿನಕ್ಕೆ ಹೋಗಿಬಿಟ್ಟರು.

ಹೊಸ ವರ್ಷ ಕಳೆದ ಮೇಲೆ ಜಿಲ್ಲಾ ಕಚೇರಿಯ ಬರಹಗಾರನೊಬ್ಬ ಗುಡ್ಡಗುಡ್ಡಕ್ಕೂ ಅಲೆಯುತ್ತ ಬಂದ. ಕಳೆದ ವರ್ಷದಲ್ಲಿ ನಡೆದದ್ದನ್ನೆಲ್ಲ ದಿನವಾರು ಬರೆದು ಮೇಲಕ್ಕೆ ಕಳಿಸಬೇಕಂತೆ. ಚಳಿಗೆಂದು ಅಡಿಯಲ್ಲಿ ಬೆಂಕಿ ಹಾಕಿ ಬಿಸಿ ಮಾಡಿದ್ದ ಮಣ್ಣಿನ ಜಗಲಿಯ ಮೇಲೆ ಕೂತು, ಮಸಿ ತೇಯುತ್ತ, ಮೊದಲ ತಿಂಗಳಿನ ತಲೆಯಿಂದ ಹಿಡಿದು ಎಲ್ಲವನ್ನೂ ಓದಿ ಹೇಳಿದ. ಆಮೇಲೆ ಕುಂಚ ಎತ್ತಿದ.

"ಹತ್ತನೇ ತಿಂಗಳ ಆ ರಾತ್ರಿ ಒಂದು ಗಂಟು ಬಿದ್ದಿದೆ. ಕತ್ತೆಬೆನ್ನಿನಿಂದ ಬೆಂಕಿ ಬರಲಿಲ್ಲ ಅಂತ ಈ ತಮ್ಮ ಹೇಳ್ತಾನೆ. ನಗರದ ಬುರುಜಿನಿಂದ ಕಚೇರಿಗೆ ಕಳಿಸಿದ್ದ ಪುಸ್ತಕದಲ್ಲಿ, ಪಶ್ಚಿಮದಿಂದ ಒಂದು ದೀವಟಿಗೆ, ತಡವಾಗಿ, ಅಂತಿದೆ. ಎರಡೂ ಹೇಗೆ ನಿಜ ಆಗುತ್ತೆ?"

"ಸುಳ್ಳು ಬರೆದಿದ್ದಾರೆ!" ಕ್ವೇ ಮೊಂಡುಗೈಯನ್ನು ಮುಂದಕ್ಕೆ ಚಾಚಿದ. "ಇದು ಹೋಗಿದ್ದು ಯಾಕೆ ಮತ್ತೆ? ಗೊರಕೆ ಹೊಡೆದು, ಬೆಳಿಗ್ಗೆ ಎದ್ದು ದಿನಾ ಬರೆಯೋದನ್ನೇ ಬರೆದಿದ್ದಾರೆ. ನನಗೆ ಗೊತ್ತಿಲ್ವಾ ಗೊರಕೆ ವಿಷಯ?"

ಬರಹಗಾರ ಜೋರಾಗಿ ನಕ್ಕ. "ಇರಬಹುದಪ್ಪ. ಅವರನ್ನ ಕೇಳೋಣ ಅಂದ್ರೆ ಒಬ್ಬರೂ ಉಳಿದಿಲ್ಲ. ಬುರುಜಿನ ಜೊತೆಗೇ ಸುಟ್ಟುಹೋದರು." ಸುನ್ಯಾಂಗ್ ಕಡೆ ತಿರುಗಿದ. "ನೀನೇನಮ್ಮ ಹೇಳ್ತೀಯ? ನಿನ್ನ ಮಾವ ಆ ರಾತ್ರಿ ಇಲ್ಲಿ ಹತ್ತಿಸಿದ್ರಾ?"

ಸುಟ್ಟುಹೋದವರು ನಿದ್ದೆ ಮಾಡಿರಲಿಲ್ಲ. ತಡವಾಗಿ ಎಂದು ಬರೆಯುವಷ್ಟು ಎಚ್ಚರವಾಗಿದ್ದರು. ಅವರಲ್ಲಿ ಯಾರಿಗೋ ಅಕ್ಕ ಇದ್ದಿರಬಹುದು. ಒಂದು ಮಾತು ಹೇಳಿದರೆ ಅವರ ಹೆಸರಿನ ಮೇಲಿನ ಕಲೆ ಹೋಗುತ್ತದೆ. ಅದೇ ಮಾತು ಕ್ವೇಯ ಕೈಯನ್ನು ಇನ್ನೊಮ್ಮೆ, ಈ ಸಲ ಯಾವುದಕ್ಕೂ ಇಲ್ಲದೆ, ಕತ್ತರಿಸುತ್ತದೆ. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಯಾವ ಅನುಮಾನವೂ ಇಲ್ಲದೆ.

"ಮಾವ ಕಾಣದೆ ಹತ್ತಿಸೋರಲ್ಲ," ಎಂದಳು.

ಎಲಚಿಗುಡ್ಡದಲ್ಲಿ ಹತ್ತಿಸಲಿಲ್ಲ ಎಂದು ಬರಹಗಾರ ಬರೆದುಕೊಂಡ. ಕ್ವೇ ಅವನಿಗೆ ನೀರಿನ ಹಂಡೆಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಸುನ್ಯಾಂಗ್ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಾಯುವಾಗಲೂ ಇದನ್ನು ಯಾರಿಗೂ, ಸುಟ್ಟುಹೋದವರ ಹೆಸರಿನಲ್ಲಿ ಧೂಪ ಹಚ್ಚುವಾಗ ಬುದ್ಧನ ಮುಂದೆಯೂ, ಬಾಯಿಬಿಟ್ಟು ಹೇಳುವುದಿಲ್ಲ ಎಂದು ಅಲ್ಲಿ ನಿಂತು ನಿಶ್ಚಯಿಸಿದಳು.