ಇಬ್ಬರು ಹಿಡಿಸದ ಬಾಗಿಲು

ಅಪ್ಪ ಅಮ್ಮನಿಗೆಂದು ಮಕ್ಕಳು ಮೂವರೇ ಸೇರಿ ಹಿತ್ತಲಲ್ಲಿ ಕಟ್ಟುತ್ತಿದ್ದ ಮನೆ ಮುಗಿಯುತ್ತ ಬಂದಿತ್ತು. ಎಲ್ಲರ ರಜೆಯೂ ಅದಕ್ಕೇ ಹೋಗಿತ್ತು. ಕಿರಿಯವಳ ಅಂಗೈ ಸಿಮೆಂಟಿಗೆ ಬಿರಿದು, ಬಾಚಣಿಗೆ ಹಿಡಿದರೂ ಉರಿಯುತ್ತಿತ್ತು. ಆ ಸಂಜೆ ಬಚ್ಚಲಿಗೆ ಬಾಗಿಲ ಚೌಕಟ್ಟು ಕೂರಿಸಿ, ಅಣ್ಣ ಅಪ್ಪನನ್ನು ಕರೆದ.

ಅಪ್ಪ ಎಂದಿನಂತೆ ಅಮ್ಮನ ತೋಳು ಹಿಡಿದು ಬಂದರು. ಇಬ್ಬರೂ ಚೌಕಟ್ಟಿನಲ್ಲಿ ಸಿಕ್ಕಿಕೊಂಡರು.

"ಒಬ್ಬೊಬ್ಬರೇ ಬನ್ನಿ," ಎಂದಳು ಅಕ್ಕ.

"ನಿಮ್ಮಪ್ಪ ಒಬ್ಬರೇ ನಡೆಯೋ ಹಾಗಿದ್ರೆ ನಿಮಗ್ಯಾಕೆ ಈ ಕಷ್ಟ ಕೊಡ್ತಿದ್ವಿ?" ಅಮ್ಮ ನಕ್ಕಳು. "ಬಿಡ್ರೋ, ಏಡಿ ತರ ಅಡ್ಡಡ್ಡ ನಡೀತೀವಿ."

ಅಳತೆ ತೆಗೆಯುವಾಗ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿಯೇ ಭುಜಕ್ಕೆ ಟೇಪು ಹಿಡಿದಿದ್ದರು. ಅವರು ನಡೆಯುವುದನ್ನು ದಿನವೂ ನೋಡುವ ಮೂವರಿಗೂ ಅಮ್ಮನ ಅಗಲವನ್ನೂ ಸೇರಿಸಬೇಕೆಂದು ಹೊಳೆದಿರಲಿಲ್ಲ.

ಸಾಕು, ಹೀಗೇ ಇರಲಿ ಎಂಬ ಮಾತು ಕಿರಿಯವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ, ಮಕ್ಕಳಿಗೆ ಬೇಸರವಾಗದಿರಲೆಂದು, ಅಮ್ಮನ ತೋಳು ಬಿಟ್ಟು ತಾವೇ ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆಗೇ ವಾಲಿ ಗೋಡೆ ಹಿಡಿದರು. ಅಮ್ಮ ಮತ್ತೆ ತೋಳು ಕೊಟ್ಟಳು.

"ಸಿಮೆಂಟು ಇನ್ನೂ ಹಸಿ ಇದೆ, ಈಗಲೇ ಒಡೆದು ಅಗಲ ಮಾಡೋಣ," ಎಂದು ಕಿರಿಯವಳೇ ಸುತ್ತಿಗೆ ಎತ್ತಿಕೊಂಡಳು. ಅಣ್ಣ ನೆಲದ ಮೇಲೆ ಕುಳಿತುಬಿಟ್ಟ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಚೌಕಟ್ಟು ಹಿಡಿದುಕೊಂಡ.