ಗೋಡೆಗೆ ತಿರುಗಿಸಿಟ್ಟ ಬೋರ್ಡು

ಬೆಳಗ್ಗೆ ಅವಳು ಅಂಗಡಿ ಗುಡಿಸುತ್ತಿದ್ದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಗಂಡ ಅಲ್ಲಿ ಕೂತು ಬೋರ್ಡು ಬರೆಯುತ್ತಾನೆ. ಬಣ್ಣದ ಡಬ್ಬಿಗಳನ್ನು ಸರಿಸಿ ಮೂಲೆಗೆ ಪೊರಕೆ ಚಾಚುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು.

"ತಂಗೀ, ನಮ್ಮ ಬೋರ್ಡ್ ಆಯ್ತಾ? ಇವತ್ತು ಸಂಜೆಗೆ ಬೇಕೇ ಬೇಕು."

ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಣ್ಣ.

"ಯಾವ ಬೋರ್ಡ್ ಅಣ್ಣಾ?"

ಅವರು ಮೂಲೆಗೆ ಕೈ ತೋರಿಸಿದರು. ಅಲ್ಲೊಂದು ಹಲಗೆ, ತಪ್ಪು ಮಾಡಿದ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ತಿರುಗಿಸಿ ನೋಡಿದರೆ ಬಿಳಿ ಬಣ್ಣದ ಮೇಲೆ ಪೆನ್ಸಿಲ್ ಗೆರೆಗಳು: 'ಕುಡಿತ ಬಿಟ್ಟವರ, ಬಿಡಬೇಕೆನ್ನುವವರ ಸಭೆ. ಮೇಲಿನ ಮಹಡಿ.' ಕೆಳಗೊಂದು ಬಾಣ.

ಅವಳು ಪೊರಕೆ ಕೆಳಗಿಟ್ಟಳು. ಗಂಡನ ಕುಡಿತ ಬಿಡಿಸಲು ಇಂಥ ಸಭೆ ಎಲ್ಲಾದರೂ ಇದೆಯೇ ಎಂದು ಅವಳು ಔಷಧದಂಗಡಿಯಲ್ಲಿ ಪಿಸುದನಿಯಲ್ಲಿ ಕೇಳಿದ್ದಳು. ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯವರೆಗೂ ಹೋಗಿ, ಹಿಂದೆ ನಿಂತವರಿಗೆ ನಾಚಿ ವಾಪಸು ಬಂದಿದ್ದಳು. ಹುಡುಕಿದ್ದು ಮನೆಯೊಳಗೇ ಇತ್ತು!

"ಅಲ್ಲೇನ್ ಮಾಡ್ತಾರಣ್ಣಾ? ಬೈತಾರಾ?"

"ಬೈಗುಳ ನಮ್ಮನೇಲೇ ಧಾರಾಳವಾಗಿ ಸಿಗ್ತಿತ್ತು ತಂಗಿ, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಡ್ರೈವರಣ್ಣ ನಕ್ಕರು. "ನಾನೂ ಕುಡೀತಿದ್ದೋನೇ. ಸುತ್ತ ಕುರ್ಚಿ ಹಾಕ್ಕೊಂಡು ಕೂರ್ತೀವಿ. ಹೇಳ್ಬೇಕು ಅನ್ಸಿದೋರು ಹೇಳ್ತಾರೆ, ಮಿಕ್ಕೋರು ಕೇಳ್ತಾರೆ. ಹೆಸರು ಹೇಳ್ಲೇಬೇಕು ಅಂತಿಲ್ಲ, ಶುಲ್ಕ ಇಲ್ಲ. ಅಲ್ಲಿ ಆಡಿದ ಮಾತು ಅಲ್ಲೇ."

"ಬರೀ ಮಾತಿಂದ ಬಿಡೋಕಾಗತ್ತಾ?" ಒಳಬಾಗಿಲಿನಿಂದ ದನಿ ಬಂತು. ಅವಳ ಗಂಡ, ಊರಿನ ಬಾಯಲ್ಲಿ ಪೇಂಟರ್, ಎದ್ದು ಬಂದಿದ್ದ. ನಡುಗುವ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದ.

"ಒಬ್ರೇ ಬಿಟ್ಟು ನೋಡಿದ್ರಲ್ಲ, ಆಯ್ತಾ ಪೇಂಟ್ರೇ?"

ಅವನು ಇಲ್ಲವೆಂದು ತಲೆಯಾಡಿಸಿದ.

"ನಂಗೂ ಆಗ್ಲಿಲ್ಲ. ಬರೀ ಮಾತೇ ಅಲ್ಲ, ಡಾಕ್ಟರೂ ಬೇಕು. ಬೆಳಗ್ಗೆ ಕೈ ನಡುಗೋರು ದಿಢೀರ್ ಅಂತ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು. ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ಮೊದ್ಲು ಬೋರ್ಡ್ ಬೇಕಪ್ಪಾ! ಸಭೆ ಹೊಸ ಕಟ್ಟಡಕ್ಕೆ ಬಂದಿದೆ. ಹೋದ ವಾರ ಒಬ್ಬ ದಾರಿ ತಪ್ಪಿ ಹೊಲಿಗೆ ಕ್ಲಾಸಿಗೆ ನುಗ್ಗಿ, ನಾಚ್ಕೊಂಡು ಓಡೇಬಿಟ್ಟ."

"ಹೊಲಿಗೆ ಕ್ಲಾಸಿಗಾ! ಯಾಕೆ?" ಎಂದು ಅಪ್ಪನ ಬೆನ್ನ ಹಿಂದೆ ಬಂದು ನಿಂತಿದ್ದ ಮಗಳು ಕಿಸಕ್ಕನೆ ನಕ್ಕಳು. ಎಲ್ಲಕ್ಕೂ 'ಯಾಕೆ' ಎನ್ನುವ ಅವಳನ್ನು ಮನೆಯಲ್ಲಿ ಕರೆಯುವುದೇ ಯಾಕಮ್ಮ ಎಂದು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಅವಳು ಅಪ್ಪನ ಮುಖ ನೋಡಿ ನೋಡಿ ನುಂಗುತ್ತಿದ್ದಳು. ಅದೇನೆಂದು ತಾಯಿಗೂ ತಿಳಿಯದು.

"ಕೈ ನಿಲ್ಲಲ್ಲ. ಅಕ್ಷರ ಸೊಟ್ಟ ಆಗತ್ತೆ," ಎಂದ ಪೇಂಟರ್, ನೆಲ ನೋಡುತ್ತ.

"ಆಗ್ಲಿ ಬಿಡಿ. ಅದನ್ನ ಓದೋಕೆ ಬರೋರ ಕೈಯೂ ಹಾಗೇ ಇರತ್ತೆ."

ಅವನು ತಲೆಯೆತ್ತಿ ನೋಡಿದ. ಆಮೇಲೆ ಮೆಲ್ಲಗೆ ಬ್ರಷ್ ಎತ್ತಿಕೊಂಡ.

ಮನೆಗೆ ಮನೆಯೇ ಕೆಲಸಕ್ಕೆ ನಿಂತಿತು. ಅವಳು ಹಲಗೆ ಹಿಡಿದಳು, ಯಾಕಮ್ಮ ಬಣ್ಣ ಕಲಕಿದಳು. ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಯಾರೂ ಕದಲಲಿಲ್ಲ. ಅಕ್ಷರಗಳು ಸೊಟ್ಟಗೇ ಬಂದವು. ಬಾಣವನ್ನು ಮಾತ್ರ ಅವನು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆದ.

ಸಂಜೆ ಮೂವರೂ ಹೊರಟರು. ಮೆಟ್ಟಿಲ ಬುಡದಲ್ಲಿ ಮೊಳೆ ಹೊಡೆದು ಬೋರ್ಡು ನೇತುಹಾಕಿದ್ದೇ ತಡ, ಪೇಂಟರ್ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

"ಆಯ್ತಲ್ಲ, ನಡೀರಿ ಮನೆಗೆ. ನಾನು ಬೋರ್ಡ್ ಹಾಕೋಕೆ ಬಂದೋನು ಅಷ್ಟೇ."

"ರೀ, ಇಷ್ಟು ದೂರ ಬಂದು..." ಅವಳು ಅವನ ಚೀಲ ಹಿಡಿದಳು. ಇವತ್ತು ತಿರುಗಿ ಹೋದರೆ ಮತ್ತೆ ಬರುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಒಬ್ಬಾತ ಬಂದು ಬೋರ್ಡಿನ ಮುಂದೆ ನಿಂತ. ಓದಿದ. ಹಿಂದೆ ಮುಂದೆ ನೋಡಿದ.

"ಸಾರ್, ಇದೇ ದಾರೀನಾ? ಹೋದ ವಾರ ನಾನು ತಪ್ಪಿ ಬೇರೆ ಕಡೆ..."

"ಹೊಲಿಗೆ ಕ್ಲಾಸಿಗೆ!" ಯಾಕಮ್ಮ ಕೂಗೇಬಿಟ್ಟಳು.

ಆತ ಬೆಚ್ಚಿದ. ಪೇಂಟರಿಗೆ ನಗು ತಡೆಯಲಾಗಲಿಲ್ಲ. ಆತನೂ ನಕ್ಕ. ಎಷ್ಟೋ ಕಾಲದ ಮೇಲೆ ಗಂಡ ಹಾಗೆ ನಗುವುದನ್ನು ಅವಳು ಕಂಡಳು.

"ಇದೇ ದಾರಿ. ಬನ್ನಿ," ಎಂದ ಪೇಂಟರ್, ಆತನ ಹೆಗಲ ಮೇಲೆ ಕೈಯಿಟ್ಟು. "ನಾನೂ ಹೊಸಬನೇ. ಇಬ್ರೂ ಒಟ್ಟಿಗೇ ಹೋಗೋಣ."

ಅವಳಿಗೆ ಚಪ್ಪಾಳೆ ಹೊಡೆಯಬೇಕೆನಿಸಿತು! ಮೇಲೆ ಪಕ್ಕದ ಕೋಣೆಯಲ್ಲಿ ಕುಡಿಯುವವರ ಮನೆಯವರ ಸಭೆಯೂ ಇತ್ತು. ತಾಯಿ ಮಗಳು ಅಲ್ಲಿ ಕೂತರು. "ಕುಡಿತ ಒಂದು ಕಾಯಿಲೆ, ಮನೆಯವರು ಮಾಡಿದ ತಪ್ಪಲ್ಲ," ಎಂದು ಒಬ್ಬ ಅಜ್ಜಿ ಹೇಳಿದಾಗ ಯಾಕಮ್ಮ ನೆಟ್ಟಗೆ ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿರಬಹುದು. ಇಂದೇ ತಿರುಗಿಸಿ. ಹತ್ತಿರದ ಆಸ್ಪತ್ರೆಯಲ್ಲಿ ನಾಚದೆ ಕೇಳಿ, ವೈದ್ಯರನ್ನು ಕಾಣಿ, ಸಭೆ ಎಲ್ಲಿದೆಯೆಂದು ತಿಳಿದು ಜೊತೆಯಲ್ಲಿ ಹೋಗಿ. ದಾರಿ ತಪ್ಪಿದರೆ ಮರುವಾರ ಮತ್ತೆ ಹೋಗಿ. ಮಕ್ಕಳಿಗೂ ಬಾಯಿ ಬಿಡಲು ಅವಕಾಶ ಕೊಡಿ.

ಯಾಕಮ್ಮ ಬಾಯಿ ಬಿಟ್ಟಿದ್ದು ಅವತ್ತೇ. ಸಭೆ ಮುಗಿಸಿ ಅಪ್ಪ ಹೊರಗೆ ಬಂದ. ಅತ್ತು ಕಣ್ಣುಗಳು ಕೆಂಪಗಾಗಿದ್ದವು, ಮುಖ ಮಾತ್ರ ಹಗುರವಾಗಿತ್ತು. ಅವಳು ಓಡಿ ಹೋಗಿ ಅವನ ಕೈ ಹಿಡಿದಳು. ಅವನು ಮೆಟ್ಟಿಲ ಮೇಲೆ ಅವಳೆದುರು ಕೂತ.

"ಏನು ಯಾಕಮ್ಮ? ಕೇಳು, ಏನ್ ಬೇಕಾದ್ರೂ ಕೇಳು."

"ಅಪ್ಪಾ, ಹಾಗಾದ್ರೆ... ನೀನು ಕುಡಿಯೋದು ನನ್ನ ತಪ್ಪಿಂದ ಅಲ್ಲ ತಾನೇ?"