ಮಿಲ್ಲಿನ ಎಂಟಾಣೆ

ನಾನೊಂದು ಎಂಟಾಣೆ. ಸರಕಾರದ್ದಲ್ಲ, ಹುಬ್ಬಳ್ಳಿಯ ಒಂದು ನೂಲಿನ ಮಿಲ್ಲಿನದು. ಅದಕ್ಕೂ ಮೊದಲು ಸೀಮೆಎಣ್ಣೆ ಡಬ್ಬಿಯಾಗಿದ್ದೆ. ಆಗಿನ ಮರ್ಯಾದೆಯೇ ಹೆಚ್ಚಿತ್ತು ಎನ್ನಿ.

ಎರಡನೆಯ ಮಹಾಯುದ್ಧದ ಕಾಲ. ಪೇಟೆಯಲ್ಲಿ ಚಿಲ್ಲರೆ ಮಾಯವಾಗಿತ್ತು. ಬೆಳ್ಳಿ ನಾಣ್ಯ ಸಿಕ್ಕವರೆಲ್ಲ ಬಚ್ಚಿಟ್ಟರು. ನಮ್ಮ ಧಣಿಗಳು ಎಲ್ಲರಿಗಿಂತ ಹೆಚ್ಚು ಬಚ್ಚಿಟ್ಟರು. ಮಿಲ್ಲಿನ ಕಮ್ಮಾರ ಡಬ್ಬಿ ಕತ್ತರಿಸಿ, ನನ್ನ ಬೆನ್ನಿಗೆ ಎಂಟರ ಅಚ್ಚು ಗುದ್ದಿದ. ಸಂಬಳದ ದಿನ ನೋಟುಗಳ ಮೇಲಿನ ಚಿಲ್ಲರೆಯ ಬದಲಿಗೆ, ಕೆಲವು ಸಣ್ಣ ತಗಡುಗಳ ಜೊತೆ ಫಕೀರವ್ವನ ಕೈಗೆ ಬಿದ್ದೆ. ನೂಲಿನ ಯಂತ್ರದ ಮುಂದೆ ಹತ್ತು ತಾಸು ನಿಲ್ಲುವ ಹೆಂಗಸು. ನನ್ನನ್ನು ಮೂಸಿ, "ಏ, ಎಣ್ಣಿ ನಾತ!" ಎಂದು ನಕ್ಕು ಸೆರಗಿಗೆ ಗಂಟು ಹಾಕಿಕೊಂಡಳು.

ಸಂಬಳದ ನೋಟುಗಳು ಬಾಡಿಗೆಗೆ ಹೋದ ಮೇಲೆ ಅವಳ ತವರು ಅಣ್ಣಿಗೇರಿಯಿಂದ ಸುದ್ದಿ ಬಂತು. ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳ ಹೆಸರನ್ನೇ ಕನವರಿಸುತ್ತಿದ್ದಾಳೆ. ಕೈಗಡ ಕೇಳೋಣವೆಂದರೆ ಓಣಿಯವರೆಲ್ಲ ಮಿಲ್ಲಿನವರೇ, ಎಲ್ಲರ ಗಂಟಿನಲ್ಲೂ ತಗಡೇ. ಅವಳು ನನ್ನನ್ನೇ ನಂಬಿ ಸ್ಟೇಷನ್ನಿಗೆ ಓಡಿದಳು.

ಟಿಕೆಟ್ ಗುಮಾಸ್ತ ನನ್ನನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದ. "ಮಿಲ್ಲಿನ ತಗಡು ಇಲ್ಲಿ ನಡ್ಯಂಗಿಲ್ಲಬೇ."

"ಯಪ್ಪಾ, ನಮ್ಮವ್ವನ ಜೀವ ಹೋಗಾಕತ್ತೈತ್ರಿ. ನಾಳಿ ರೊಕ್ಕ ತಂದ್ ಕೊಡ್ತೀನ್ರಿ."

"ಹಂಗಾರ ನಾಳಿನ ಹೋಗು."

ಅವಳು ಮಿಲ್ಲಿನ ಅಂಗಡಿಗೆ ಓಡಿದಳು. ನನಗೆ ಬೆಲೆಯಿದ್ದದ್ದು ಅಲ್ಲಿ ಮಾತ್ರ. ಅವರು ಕಾಸು ಕೊಡಲಿಲ್ಲ, ಸಾಮಾನು ಬೇಕಾದರೆ ತಗೋ ಎಂದರು. ಜೊತೆಗಿದ್ದ ಸಣ್ಣ ತಗಡುಗಳನ್ನು ಕೊಟ್ಟು ಎರಡು ಸಾಬೂನು ಕೊಂಡು, ಸ್ಟೇಷನ್ ಮುಂದೆ ಮಾರಲು ಮತ್ತೆ ಓಡಿ ಬಂದಳು. ಅಯ್ಯೋ, ಅಲ್ಲಿ ಆಗಲೇ ನಮ್ಮ ಮಿಲ್ಲಿನ ನಾಲ್ಕು ಹೆಂಗಸರು ಅದೇ ಸಾಬೂನು ಮುಂದಿಟ್ಟುಕೊಂಡು ಕೂತಿದ್ದರು! ಕೊಳ್ಳುವವರು ಯಾರೂ ಇರಲಿಲ್ಲ. ಅವಳ ಕಣ್ಣೆದುರೇ ಆ ದಿನದ ಕೊನೆಯ ಗಾಡಿ ಹೊರಟುಹೋಯಿತು.

ಮರುದಿನ ತಾಯಿಯ ಸಾವಿನ ಸುದ್ದಿ ಬಂತು. ಫಕೀರವ್ವ ನೆಟ್ಟಗೆ ಮ್ಯಾನೇಜರರ ಕೋಣೆಗೆ ನುಗ್ಗಿ, ನನ್ನನ್ನು ಮೇಜಿನ ಮೇಲೆ ಕುಕ್ಕಿದಳು.

"ನಮ್ಮ ಅಂಗಡ್ಯಾಗ ಇದಕ್ಕ ಬೇಕಾದ್ದು ಸಿಗತೈತಲ್ಲ? ಮತ್ತೇನ ತಕರಾರು ನಿಂದು?" ಎಂದರು ಅವರು.

"ನಮ್ಮವ್ವ ಸಿಗ್ತಾಳೇನ್ರಿ?"

ಅವರು ಫೈಲು ತಿರುವಿದರು. ನನ್ನನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋದಳು. ನಾಚಿಕೆಯಿಂದ ಸತ್ತೆ ನಾನು. ಅವರಿಗೆ ಏನೂ ಆಗಲಿಲ್ಲ.

ಈಗ ಮಿಲ್ಲು ಇಲ್ಲ. ನಾಣ್ಯ ಕೂಡಿಡುವ ಒಬ್ಬ ವಕೀಲರ ಮನೆಯ ಗಾಜಿನ ಕಪಾಟಿನಲ್ಲಿ, ಮಕಮಲ್ಲಿನ ಮೇಲೆ ಕೂತಿದ್ದೇನೆ. ಕೆಳಗೆ ಚೀಟಿ: 'ಯುದ್ಧಕಾಲದ ತುರ್ತು ನಾಣ್ಯ'. ಬಂದವರು "ಎಷ್ಟು ಅಪರೂಪ!" ಎನ್ನುತ್ತಾರೆ. ತುರ್ತಂತೆ, ತುರ್ತು! ಧಣಿಗಳ ಬೆಳ್ಳಿ ಪೆಟ್ಟಿಗೆಯಲ್ಲೇ ಉಳಿಯುವಂತೆ ನೋಡಿಕೊಂಡೆ, ಅಷ್ಟೇ. ಫಕೀರವ್ವನನ್ನು ಒಂದೇ ಒಂದು ಸಲ ಅಣ್ಣಿಗೇರಿಗೆ ಮುಟ್ಟಿಸುವುದು ನನ್ನಿಂದಾಗಲಿಲ್ಲ.